ನೀಲಿ ಜೀರಿಗೆ

ಏಳನೆಯ ಅಂಗಿಯನ್ನೂ ಮೂಗಿಗೊತ್ತಿ ನೋಡಿ ಅವಳು ಮಂಚದ ಮೇಲೆ ಎಸೆದಳು. ಅದರಲ್ಲೂ ಲ್ಯಾವೆಂಡರ್ ಹೂವಿನ ಪರಿಮಳವೇ. ಬೀರುವಿನೊಳಗೆ ತಲೆ ತೂರಿಸಿ ಸ್ವೆಟರು, ಟವೆಲು, ತಳದಲ್ಲಿದ್ದ ಹಳೆಯ ಮಫ್ಲರು, ಒಂದೊಂದನ್ನೇ ಎಳೆದಳು. ಪ್ರತಿ ಮಡಿಕೆಯಿಂದಲೂ ಅವಳೇ ಹೊಲಿದ ಪುಟ್ಟ ಚೀಲ ಉದುರುತ್ತಿತ್ತು.

"ಅಕ್ಕಾ, ಏನ್ ಹುಡುಕ್ತಿದ್ದೀಯ? ಆಸ್ಪತ್ರೆ ಕಾಗದ ಎಲ್ಲಾ ನನ್ನ ಹತ್ರಾನೇ ಇದೆ," ಎಂದಳು ತಂಗಿ, ಬಾಗಿಲಲ್ಲಿ ನಿಂತು.

"ಕಾಗದ ಯಾರಿಗೆ ಬೇಕು? ಅವರ ಒಗೀದೇ ಇರೋ ಬಟ್ಟೆ ಬೇಕು. ಒಂದಾದ್ರೂ."

"ನಿನ್ನ ಮನೇಲಿ ಒಗೀದೇ ಇರೋ ಬಟ್ಟೆನಾ? ಒಳ್ಳೆ ಕತೆ."

ತಂಗಿಯ ಮಾತು ಸುಳ್ಳಲ್ಲ. ಮೂರು ಗಂಟೆಗೆ ಸ್ಮಶಾನದ ಗಾಡಿ ಬರುವುದಿತ್ತು, ಆಗಲೇ ಒಂದೂವರೆ ಆಗಿತ್ತು. ಮುಂದಿನ ಕೋಣೆಯಲ್ಲಿ ಗಂಡ ಮಲಗಿದ್ದ. ಬೆಳಿಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ಅವನ ಕತ್ತಿನ ಬಳಿ ಬಗ್ಗಿದ್ದಳು. ಆಸ್ಪತ್ರೆಯವರು ಸೋಪು ಹಾಕಿ ಚೆನ್ನಾಗಿ ತೊಳೆದುಬಿಟ್ಟಿದ್ದರು; ಸಾಲದ್ದಕ್ಕೆ ತಂಗಿ ದಿಂಬಿನಡಿ ನಾಲ್ಕು ಚೀಲ ಇಟ್ಟಿದ್ದಳು. ಮೂವತ್ತೊಂದು ವರ್ಷ ಪಕ್ಕದಲ್ಲಿ ಮಲಗಿದವನ ಮೈವಾಸನೆ ಹೇಗಿತ್ತೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲೊಲ್ಲದು. ಅದಕ್ಕೇ ಅವಳಿಗೆ ಭಯವಾಗಿತ್ತು. ಅವನನ್ನು ಒಯ್ಯುವ ಮುಂಚೆ, ಒಂದೇ ಒಂದು ಸಲ, ಅದು ಸಿಗಬೇಕಿತ್ತು.

*

ಅವನದು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಹಸಿ ಚರ್ಮವನ್ನು ಸುಣ್ಣದ ತೊಟ್ಟಿಗೆ ಇಳಿಸುವುದು, ಎರಡು ದಿನ ಕಳೆದ ಮೇಲೆ ಎತ್ತಿ ಕೂದಲು ಹೆರೆಯುವುದು. ಆ ವಾಸನೆ ಜಪ್ಪಯ್ಯ ಎಂದರೂ ಮೈ ಬಿಡುವಂಥದ್ದಲ್ಲ. ಮದುವೆಯಾದ ಹೊಸತರಲ್ಲಿ ಮನೆ ನೋಡಲು ಬಂದ ತಂಗಿ, ಆಗಿನ್ನೂ ಚಿಕ್ಕವಳು, ಕುರ್ಚಿಯಲ್ಲಿ ಕೂತವಳೇ "ಅಕ್ಕಾ, ಇಲ್ಲೇನೋ ಸತ್ತಿದೆ" ಎಂದಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ಮರುದಿನವೇ ಮಾರುಕಟ್ಟೆಯಿಂದ ಒಂದು ಪೊಟ್ಟಣ ಒಣಗಿದ ಲ್ಯಾವೆಂಡರ್ ಮೊಗ್ಗು ತಂದಳು. ತೆಳು ಹತ್ತಿಬಟ್ಟೆಯ ಚೀಲ ಹೊಲಿದು, ಮೊಗ್ಗು ತುಂಬಿ, ಬಾಯಿ ಕಟ್ಟಿದಳು. ಬೀರು, ದಿಂಬು, ಪರದೆಯ ಅಂಚು, ಚಪ್ಪಲಿ ಗೂಡು, ಒಂದನ್ನೂ ಬಿಡಲಿಲ್ಲ. ವಾರಕ್ಕೊಮ್ಮೆ ಪ್ರತಿ ಚೀಲವನ್ನೂ ಅಂಗೈಯಲ್ಲಿ ಹಿಸುಕಿ ಪರಿಮಳ ಎಬ್ಬಿಸುವಳು. ನೋಡಲು ಜೀರಿಗೆಯಂತಿದ್ದ ಅದಕ್ಕೆ ಅವನಿಟ್ಟ ಹೆಸರು ನೀಲಿ ಜೀರಿಗೆ. ಒಮ್ಮೆ ಅವಳು ಜ್ವರದಲ್ಲಿ ಮಲಗಿದ್ದಾಗ ನಿಜವಾದ ಜೀರಿಗೆ ಎಂದು ಅಡುಗೆಗೂ ಅದನ್ನೇ ಸುರಿದಿದ್ದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆವತ್ತು ಬರೀ ಬ್ರೆಡ್ ತಿಂದರು.

ಕೆಲಸದ ಬಟ್ಟೆ ಕಾರ್ಖಾನೆಯಲ್ಲೇ ಉಳಿಯಬೇಕು, ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು ಎಂಬುದು ಅವಳ ಕಾನೂನು. ದಿನಾ ಸಂಜೆ ಅವನು ಹಿತ್ತಲ ಬಾಗಿಲು ತಟ್ಟಿ ಕೂಗುತ್ತಿದ್ದ.

"ಚರ್ಮ ಬಂದಿದೆ, ಒಳಗೆ ಬಿಟ್ಕೋತೀರಾ?"

"ಮೊದ್ಲು ತೊಳ್ಕೊಳ್ಳಿ."

ಅಷ್ಟು ವರ್ಷವೂ ಅವಳು ಇದೊಂದೇ ಉತ್ತರ ಕೊಟ್ಟಳು.

*

"ಅಕ್ಕಾ, ಕಾರ್ಖಾನೆಯವರು ಬಂದ್ರು!"

ಬೀರುವನ್ನು ಹಾಗೇ ಬಿಟ್ಟು ಓಡಿದಳು. ಐದು ಜನ. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಕೂದಲನ್ನು ಒಪ್ಪವಾಗಿ ಬಾಚಿದ ತಲೆಗಳು. ಮುಂದೆ ನಿಂತಿದ್ದ ಮೇಸ್ತ್ರಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು.

"ಅಣ್ಣನ ಕೆಲಸದ ಬಟ್ಟೆ, ಅತ್ತಿಗೆ. ಮೊನ್ನೆ ತೊಟ್ಟಿ ಪಕ್ಕ ಕುಸಿದು ಬಿದ್ದಾಗ ಹಾಕ್ಕೊಂಡಿದ್ದಿದ್ದು. ಆಸ್ಪತ್ರೇಲಿ ನನ್ನ ಕೈಗೆ ಕೊಟ್ಟಿದ್ರು."

ಅವಳು ಕವರನ್ನು ಕಸಿದುಕೊಂಡೇಬಿಟ್ಟಳು. ಗಂಟು ಬಿಚ್ಚುವ ತಾಳ್ಮೆಯಿಲ್ಲದೆ ಹರಿದು, ಅಂಗಿಯಲ್ಲಿ ಮುಖ ಹುದುಗಿಸಿದಳು.

ಲ್ಯಾವೆಂಡರ್.

"ಒಗೆದ್ರಾ?"

"ಮೂರು ಸಲ!" ಮೇಸ್ತ್ರಿಯ ಮುಖದಲ್ಲಿ ಹೆಮ್ಮೆಯಿತ್ತು. "ನಿಮ್ಮ ಮೂಗಿನ ಸಂಗತಿ ನಮಗೆ ಗೊತ್ತಿಲ್ವಾ? ಹುಡುಕಿ ಹುಡುಕಿ ಲ್ಯಾವೆಂಡರ್ ಸೋಪೇ ತಂದ್ವಿ. ನಾವೂ ಅದ್ರಲ್ಲೇ ಸ್ನಾನ ಮಾಡ್ಕೊಂಡು ಬಂದಿದ್ದೀವಿ."

ಬೈಯಬೇಕೆನಿಸಿತು. ಆದರೆ ಯಾರನ್ನು ಬೈಯುವುದು? ಅಂಗಿಯನ್ನು ಅವುಚಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೇಸ್ತ್ರಿ ಗಾಬರಿಯಾದ.

"ತಪ್ಪಾಯ್ತಾ ಅತ್ತಿಗೆ?"

"ಇಲ್ಲ ಬಿಡಪ್ಪ."

"ಅಣ್ಣನ ಜೇಬಲ್ಲಿ ಯಾವಾಗ್ಲೂ ನಿಮ್ಮದೊಂದು ಚೀಲ ಇರ್ತಿತ್ತು. ಊಟದ ಬಿಡುವಲ್ಲಿ ಅದನ್ನ ಮೂಗಿಗೆ ಹಿಡ್ಕೊಂಡು, ಕಣ್ಮುಚ್ಚಿ ಕೂತಿರ್ತಿದ್ದ. ಏನಣ್ಣ ಅಂದ್ರೆ, ಸುಮ್ನಿರ್ರೋ, ಮನೆಗೆ ಹೋಗಿ ಬರ್ತಿದ್ದೀನಿ, ಅಂತಿದ್ದ."

ಅವಳಿಗೆ ಅಳು ಒತ್ತರಿಸಿ ಬಂತು. ಅವನು ದಿನಾ ಮಧ್ಯಾಹ್ನ ಮನೆಗೆ ಬಂದು ಹೋಗಿದ್ದ. ಅವಳು ಒಂದು ದಿನವೂ ಆ ತೊಟ್ಟಿಯ ಹತ್ತಿರ ಹೋದವಳಲ್ಲ.

ಮೂರಕ್ಕೆ ಇನ್ನು ಹತ್ತು ನಿಮಿಷ ಇರುವಾಗ ಬೀದಿಯಲ್ಲಿ ನಿಂತವರು ಒಬ್ಬೊಬ್ಬರಾಗಿ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದರು. ಗೇಟಿನಾಚೆ ನಡುವಯಸ್ಸಿನವನೊಬ್ಬ ಏದುಸಿರು ಬಿಡುತ್ತ ನಿಂತಿದ್ದ. ಮೊಣಕಾಲವರೆಗೆ ರಬ್ಬರ್ ಬೂಟು, ತೋಳಿಗೆಲ್ಲ ಸುಣ್ಣ.

"ತೊಟ್ಟೀಲಿ ಅಣ್ಣನ ಜೊತೆಗಾರ," ಎಂದ ಮೇಸ್ತ್ರಿ ನಾಚಿಕೆಯಿಂದ. "ಏನಯ್ಯಾ, ಹೀಗೇನಾ ಬರೋದು?"

"ಮೊನ್ನೆ ಅಣ್ಣ ಇಳಿಸಿದ್ದ ಚರ್ಮ. ಇವತ್ತು ಎತ್ತದಿದ್ರೆ ಸುಣ್ಣ ತಿಂದುಬಿಡ್ತಿತ್ತು. ಅವನ ಕೊನೇ ಕೆಲಸ ಹಾಳಾಗ್ಬಾರ್ದಲ್ಲ ಅಂತ..." ಅವನು ಅವಳತ್ತ ನೋಡಿದ. "ಸ್ನಾನ ಮಾಡ್ತಾ ಕೂತ್ರೆ ಗಾಡಿ ಹೊರಟುಹೋಗುತ್ತೆ ಅಂತ ಓಡಿ ಬಂದೆ, ಅತ್ತಿಗೆ. ಒಳಗೆ ಬರಲ್ಲ. ಇಲ್ಲಿಂದಾನೇ ನೋಡಿ ಹೋಗ್ತೀನಿ."

ಗಾಳಿ ಇತ್ತ ಬೀಸಿತು. ಸುಣ್ಣ, ಹಸಿ ಚರ್ಮ, ಅದರಡಿಯಲ್ಲಿ ಬೆವರು. ಅವಳು ಎದ್ದು ನಿಂತಳು. ಇದೇ. ಹಿತ್ತಲ ಬಾಗಿಲು ತೆರೆದಾಗ ಒಂದು ಕ್ಷಣ ಮುಖಕ್ಕೆ ಬಡಿಯುತ್ತಿದ್ದದ್ದು ಇದೇ. ಬರಿಗಾಲಲ್ಲೇ ಹೋಗಿ ಗೇಟು ತೆಗೆದು, ಸುಣ್ಣ ಮೆತ್ತಿದ ಆ ಮಣಿಕಟ್ಟನ್ನು ಹಿಡಿದಳು.

"ಒಳಗೆ ಬಾ."

"ನನ್ನ ಬಟ್ಟೆ ನೋಡಿ, ಅತ್ತಿಗೆ..."

"ಬಾ ಅಂದೆ."

ಗಂಡನ ತಲೆಯ ಬಳಿ ಕುರ್ಚಿ ಎಳೆದು ಅವನನ್ನು ಕೂರಿಸಿ, ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅವನು ಮೈಯನ್ನು ಹಿಡಿಯಷ್ಟು ಮಾಡಿಕೊಂಡು, ತಲೆ ತಗ್ಗಿಸಿ, ಸದ್ದಿಲ್ಲದೆ ಅಳತೊಡಗಿದ. ವಾಸನೆ ಕೋಣೆಯ ತುಂಬ ಹರಡಿತು. ಬಂದವರು ಕೆಮ್ಮುತ್ತ ಒಬ್ಬೊಬ್ಬರೇ ಹೊರಗೆ ನಡೆದರು.

"ಅಕ್ಕಾ, ಉಸಿರು ಕಟ್ತಿದೆ. ಸ್ವಲ್ಪ ಗಾಳಿ ಆಡ್ಲಿ," ಎಂದು ತಂಗಿ ಕಿಟಕಿಗಳನ್ನೆಲ್ಲ ತೆರೆದಿಟ್ಟಳು.

ಬೀದಿಯ ತುದಿಯಲ್ಲಿ ಗಾಡಿಯ ಹಾರನ್ ಕೇಳಿಸಿತು. ಅವಳು ಎದ್ದು, ಒಂದು ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಆಮೇಲೆ ಅದರ ಪಕ್ಕದ್ದನ್ನು.