ಮೂರನೇ ಕಂಬದ ಗಾಜು

ಇಂಜಿನಿಯರಿಂಗಿನ ಕೊನೆಯ ವರ್ಷದ ಹುಡುಗರಿಗೆ ಸರ್ಕಾರಿ ಇಂಟರ್ನ್‌ಶಿಪ್ ಅಂದರೆ ಹೆಚ್ಚಾಗಿ ಟೀ ತರುವುದು, ಫೈಲಿಗೆ ದಾರ ಕಟ್ಟುವುದು, ಫ್ಯಾನಿನ ಕೆಳಗೆ ಜಾಗ ಹಿಡಿಯುವುದು. ಈ ಹುಡುಗಿಗೆ ಮಾತ್ರ ಸೇತುವೆ ವಿಭಾಗದಲ್ಲಿ ಮೊದಲ ವಾರವೇ ಸಹಿ ಮಾಡುವ ಕೆಲಸ ಸಿಕ್ಕಿತು. ಸಾಹೇಬರು ಹಸಿರು ರಟ್ಟಿನ ರಿಜಿಸ್ಟರನ್ನು ಅವಳ ಮುಂದಿಟ್ಟು, "ಪ್ರತಿ ಸೋಮವಾರ ನೀವೇ ಬರೀಬೇಕು, ನೀವೇ ಸಹಿ ಹಾಕ್ಬೇಕು" ಅಂದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ಮರುದಿನ ಇಡೀ ಬಸ್ಸಿಗೆ ಹೇಳಿದಳು.

ಅಮ್ಮ ಹೊಳೆಯಾಚೆಯ ಆಸ್ಪತ್ರೆಯಲ್ಲಿ ಆಯಾ. ಬೆಳಿಗ್ಗೆ ಏಳೂಕಾಲರ ಬಸ್ಸಿನಲ್ಲಿ ಸೇತುವೆ ದಾಟುವವರೆಲ್ಲ ಹತ್ತು ವರ್ಷದಿಂದ ಅದೇ ಮುಖಗಳು, ಅದೇ ಸೀಟುಗಳು, ಅದೇ ಜಗಳಗಳು. "ಈ ಸೇತುವೆ ನೋಡ್ಕೊಳ್ಳೋದು ನನ್ನ ಮಗಳೇ ಕಣ್ರೀ" ಅಂತ ಅಮ್ಮ ಹೇಳಿದ್ದೇ ತಡ, ಬಸ್ಸಿನವರು ಹುಡುಗಿಗೆ 'ಇಂಜಿನಿಯರಮ್ಮ' ಎಂದು ಹೆಸರಿಟ್ಟರು. ಸೋಮವಾರ ಸೇತುವೆಯ ನಡುಮಧ್ಯೆ ನಿಂತ ಇಂಜಿನಿಯರಮ್ಮ ಬಸ್ಸು ಕಂಡೊಡನೆ ಎರಡೂ ಕೈ ಎತ್ತಿ ಬೀಸುವಳು. ಡ್ರೈವರ್ ಎರಡು ಸಲ ಹಾರ್ನ್ ಹೊಡೆಯುವನು. ಕಿಟಕಿಗಳಿಂದ ಹತ್ತಾರು ಕೈಗಳು ಹೊರಬರುವವು. ಎರಡು ವಾರದಲ್ಲಿ ಅದೊಂದು ವಾಡಿಕೆಯೇ ಆಗಿಹೋಯಿತು.

ಕೆಲಸ ಬಹಳ ಸುಲಭ. ಮೂರನೇ ಕಂಬದ ತಲೆಯಲ್ಲಿ ಒಂದು ಬಿರುಕಿತ್ತು. ಅದಕ್ಕೆ ಅಡ್ಡಲಾಗಿ, ಎರಡು ತುದಿಗೂ ಸಿಮೆಂಟು ಮೆತ್ತಿ, ಗೇಣುದ್ದದ ತೆಳ್ಳನೆಯ ಗಾಜಿನ ಪಟ್ಟಿ ಕೂರಿಸಿದ್ದರು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ, ಬೆಳೆಯದಿದ್ದರೆ ಇಲ್ಲ. ಇಲಾಖೆಯ ಹಳೇ ಮೇಸ್ತ್ರಿ ಕಬ್ಬಿಣದ ಏಣಿ ಇಳಿದು ನೋಡಿ ಕೆಳಗಿನಿಂದ "ಸರಿಯಿದೆ!" ಎಂದು ಕೂಗುತ್ತಿದ್ದ. ಹುಡುಗಿ ಮೇಲೆ ನಿಂತು 'ಗಾಜು ಸರಿಯಿದೆ' ಎಂದು ಬರೆದು ಸಹಿ ಹಾಕುತ್ತಿದ್ದಳು. ಮೇಸ್ತ್ರಿಯನ್ನು ಎಲ್ಲರೂ ಗಾಜಣ್ಣ ಅನ್ನುತ್ತಿದ್ದರು. ಇಪ್ಪತ್ತೆಂಟು ವರ್ಷದ ಸರ್ವಿಸು, ಸೌಮ್ಯ ಮನುಷ್ಯ, ಇರುವೆ ಕಂಡರೂ ದಾಟಿ ಕಾಲಿಡುವವನು.

ಆದರೆ ಒಂದೆರಡು ವಿಷಯ ಹುಡುಗಿಯ ಕಣ್ಣಿಗೆ ಬಿದ್ದಿದ್ದವು, ತಲೆಗೆ ಹೋಗಿರಲಿಲ್ಲ. ರಿಜಿಸ್ಟರಿನ ಹಿಂದಿನ ಪುಟಗಳಲ್ಲಿದ್ದ ಸಹಿಗಳೆಲ್ಲ ಅವಳಂಥ ವಿದ್ಯಾರ್ಥಿಗಳವೇ. ಸಂಬಳ ತಗೊಳ್ಳುವ ಒಬ್ಬನ ಸಹಿಯೂ ಇರಲಿಲ್ಲ. ಇನ್ನೊಂದು, ಗಾಜಣ್ಣನ ಮನೆ ಆಚೆ ದಡದಲ್ಲಿ, ಆದರೂ ಅವನು ದಿನಾ ದೋಣಿಯಲ್ಲಿ ಬರುತ್ತಿದ್ದ. ಕೇಳಿದರೆ, "ಬಸ್ಸು ಹತ್ತಿದ್ರೆ ವಾಂತಿ ಬರುತ್ತಮ್ಮ" ಅನ್ನುತ್ತಿದ್ದ.

ಹನ್ನೊಂದನೇ ಸೋಮವಾರ ಗಾಜಣ್ಣನ ಮಂಡಿ ಬಾತುಕೊಂಡಿತ್ತು. ಅವನು ಎಷ್ಟು ಬೇಡವೆಂದರೂ ಕೇಳದೆ ಹುಡುಗಿ ತಾನೇ ಏಣಿ ಇಳಿದಳು. ಕೆಳಗೆ ಗಾಜು ಎರಡು ತುಂಡಾಗಿತ್ತು. ಪಕ್ಕದಲ್ಲೇ ಒಂದು ಹಳೇ ಪೇಂಟಿನ ಡಬ್ಬಿ. ತೆಗೆದು ನೋಡಿದರೆ ಒಳಗೆಲ್ಲ ಒಡೆದ ಗಾಜುಗಳು. ಪ್ರತಿ ಜೋಡಿಗೂ ದಾರ ಕಟ್ಟಿ, ಚೀಟಿ ಅಂಟಿಸಿ, ಒಡೆದ ತಾರೀಕು ಬರೆದಿಟ್ಟಿದ್ದ ಪುಣ್ಯಾತ್ಮ. ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತು ತಾರೀಕಿನ ಕ್ರಮದಲ್ಲಿ ಜೋಡಿಸಿದಳು. ಮೊದಲನೆಯದು ನಾಲ್ಕು ವರ್ಷದ ಹಿಂದಿನದು. ಅದಾದ ಒಂದೂವರೆ ವರ್ಷಕ್ಕೆ ಇನ್ನೊಂದು, ಆಮೇಲೆ ಎಂಟು ತಿಂಗಳು, ಮೂರು ತಿಂಗಳು, ಹೀಗೆ ಅಂತರ ಇಳಿಯುತ್ತಲೇ ಬಂದಿತ್ತು. ಕೊನೆಯ ಐದು ಅವಳು ಕೆಲಸಕ್ಕೆ ಸೇರಿದ ಮೇಲಿನವು. ಆ ಐದೂ ತಾರೀಕಿಗೆ ಅವಳು 'ಸರಿಯಿದೆ' ಎಂದು ಬರೆದಿದ್ದಳು.

"ಗಾಜಣ್ಣ, ಒಡೆದಿದೆ!" ಎಂದು ಕೂಗಿದಳು.

ಮೇಲಿನಿಂದ ಹಗ್ಗದಲ್ಲಿ ಒಂದು ಚೀಲ ಇಳಿದು ಬಂತು. ಒಳಗೆ ಹೊಸ ಗಾಜು, ಹಿಡಿ ಸಿಮೆಂಟು, ಕರಣೆ.

"ಮೊದಲು ಹೊಸದು ಕೂರಿಸಮ್ಮ. ಆಮೇಲೆ ಬರಿ."

"ಅದು ಸುಳ್ಳಲ್ವಾ?"

"ಸುಳ್ಳೆಲ್ಲಿ ಬಂತು? ನೀನು ಬರೆಯೋ ಹೊತ್ತಿಗೆ ಗಾಜು ಸರಿಯಾಗೇ ಇರುತ್ತಲ್ಲ. ಹಿಂದಿನಿಂದ ನಡ್ಕೊಂಡು ಬಂದಿರೋದೇ ಹೀಗೆ."

ಅವಳ ಕೈ ತಾನಾಗಿ ಸಿಮೆಂಟು ಕಲಸಿತು. ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿಸಿದ್ದನ್ನು ಕೈ ಎಷ್ಟು ವಿಧೇಯವಾಗಿ ಮಾಡಿತು ಅಂದರೆ, ಅದನ್ನು ನೆನೆದರೆ ಕಥೆ ಹೇಳುವ ನನಗೇ ಸಿಟ್ಟು ಬರುತ್ತದೆ. ಮೇಲೆ ಬಂದು ಬರೆದಳು. ಸಹಿಯನ್ನೂ ಹಾಕಿದಳು. ಅಷ್ಟರಲ್ಲಿ ಏಳೂಕಾಲರ ಬಸ್ಸು ಬಂತು, ಅವಳು ಕೈ ಬೀಸಿದಳು, ಅಮ್ಮನೂ ಬೀಸಿದಳು. ಬಸ್ಸು ಆಚೆ ದಡ ಮುಟ್ಟುವವರೆಗೂ ಹುಡುಗಿ ಉಸಿರು ಬಿಡಲಿಲ್ಲ.

ಮಧ್ಯಾಹ್ನ ಪೇಂಟಿನ ಡಬ್ಬಿ ತಂದು ಸಾಹೇಬರ ಮೇಜಿನ ಮೇಲಿಟ್ಟಳು. ಅವರು ಡಬ್ಬಿಯನ್ನು ನೋಡಲೇ ಇಲ್ಲ, ಅದರ ಅಡಿಗೊಂದು ಹಳೇ ಪೇಪರು ಹಾಸಿದರು. ಮೇಜಿಗೆ ಗೀರು ಬೀಳಬಾರದಲ್ಲ.

"ಸೇತುವೆ ಮುಚ್ಚಿದ್ರೆ ಜನ ಅರವತ್ತು ಕಿಲೋಮೀಟರ್ ಸುತ್ತಬೇಕು. ಮೇಲಕ್ಕೆ ಬರೆದಿದೀನಿ, ಉತ್ತರ ಬರ್ಲಿ" ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ದನಿ. ಆಮೇಲೆ ರಿಜಿಸ್ಟರು ತೆರೆದು ನಿಧಾನವಾಗಿ ಎಣಿಸಿದರು. "ಹನ್ನೊಂದು ಸಹಿ. ಎಲ್ಲ ನಿಮ್ಮದೇ ಅಲ್ವಾ? ಒಡೆದಿತ್ತು ಅಂತ ಈಗ ಹೇಳಿದ್ರೆ, ಇಷ್ಟು ದಿನ ಸುಳ್ಳು ಬರೆದೋರು ಯಾರು ಅಂತ ಕೇಳ್ತಾರೆ. ಒಂದೇ ವಾರ ಉಳಿದಿದೆ. ಮುಂದಿನ ಸೋಮವಾರ ಸಂಜೆ ಬಂದು ಸರ್ಟಿಫಿಕೇಟ್ ತಗೊಂಡು ಹೋಗಿ."

ಆ ಕಾಗದವಿಲ್ಲದೆ ಡಿಗ್ರಿ ಇಲ್ಲ. ಮಗಳಿಗೆ ಡಿಗ್ರಿ ಬಂದ ದಿನ ಬೆಡ್‌ಪ್ಯಾನ್ ತೊಳೆಯುವುದು ಬಿಡುತ್ತೇನೆಂದು ಅಮ್ಮ ವಾರ್ಡಿನ ನರ್ಸಮ್ಮನಿಗೆ ಆಗಲೇ ಹೇಳಿಯಾಗಿತ್ತು. ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಳು.

ಪೂರ್ತಿ ಹಾಕಿಕೊಳ್ಳಲಿಲ್ಲ ಅನ್ನಿ. ಆ ಸಂಜೆ ಬಟ್ಟೆ ಮಡಿಸುತ್ತಿದ್ದ ಅಮ್ಮನ ಹತ್ತಿರ ಕೂತು, "ಒಂದು ವಾರ ದೋಣಿಲಿ ಹೋಗಮ್ಮ" ಅಂದಳು.

"ಯಾಕೆ?"

"ಸುಮ್ನೆ."

ಅಮ್ಮ ನಕ್ಕಳು. "ಚೆನ್ನಾಗಿದೆ! ನೀನು ಕಾಯೋ ಸೇತುವೆ ಬಿಟ್ಟು ನಾನು ದೋಣಿಲಿ ಹೋದ್ರೆ ಬಸ್ಸಿನೋರು ಏನಂತಾರೆ? ಆ ಕೊನೇ ಸೀಟಿನ ಮುದುಕಿ ಇದಾಳಲ್ಲ, ಮೊದಲು ಸೇತುವೆ ಬಂದ್ರೆ ಕಣ್ಣು ಮುಚ್ಕೊಳ್ತಿದ್ಳು. ನೀನು ಬಂದ್ಮೇಲೆ ತೆರ್ಕೊಂಡೇ ಇರ್ತಾಳೆ."

ನಿಜವನ್ನು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ. ಹುಡುಗಿ ಹೇಳಲಿಲ್ಲ. ಒಂದೇ ವಾರ ತಾನೆ, ನಾಲ್ಕು ವರ್ಷ ನಿಂತಿದ್ದು ಏಳು ದಿನ ನಿಲ್ಲುವುದಿಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಆ ಏಳು ದಿನ ಅವಳಿಗೆ ಅನ್ನ ಸೇರಲಿಲ್ಲ. ಅಮ್ಮ ಮನೆಗೆ ಬಂದು ಚಪ್ಪಲಿ ಬಿಡುವ ಸದ್ದು ಕೇಳುವವರೆಗೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ.

ಕೊನೆಯ ಸೋಮವಾರ ಅವಳು ಏಳು ಗಂಟೆಗೇ ಸೇತುವೆಯ ಮೇಲಿದ್ದಳು. ಗಾಜಣ್ಣ ಇರಲಿಲ್ಲ. ಚೀಲವನ್ನು ಮಾತ್ರ ಏಣಿಯ ಬಾಯಿಗೆ ಕಟ್ಟಿಟ್ಟು ಹೋಗಿದ್ದ. ಒಳಗೆ ಒಂದರ ಬದಲು ನಾಲ್ಕು ಗಾಜುಗಳಿದ್ದವು.

ಅವಳು ಇಳಿದಳು. ತಾನು ಕೂರಿಸಿದ ಗಾಜು ಒಡೆದಿರಲಿಲ್ಲ, ಅಲ್ಲಿ ಇರಲೇ ಇಲ್ಲ. ಎರಡೂ ಸಿಮೆಂಟಿನ ಗಂಟುಗಳು ಖಾಲಿ ನಿಂತಿದ್ದವು. ಕಳೆದ ವಾರ ಉಗುರು ತೂರದಿದ್ದ ಬಿರುಕಿನೊಳಗೆ ಅವಳ ತೋರುಬೆರಳು ಗೆಣ್ಣಿನವರೆಗೆ ಹೋಯಿತು. ಮೇಲೆ ಒಂದು ಸೈಕಲ್ ಹಾದುಹೋಯಿತು. ಬರೀ ಒಂದು ಸೈಕಲ್. ಅಷ್ಟಕ್ಕೇ ಬೆರಳಿನ ಸುತ್ತ ಕಾಂಕ್ರೀಟು ಅಲುಗಿ, ಸಣ್ಣ ಪುಡಿ ಅವಳ ಮಣಿಕಟ್ಟಿನ ಮೇಲೆ ಉದುರಿತು.

ರಿಜಿಸ್ಟರು, ಸಹಿ, ಸರ್ಟಿಫಿಕೇಟು ಎಲ್ಲ ಆ ಕ್ಷಣಕ್ಕೆ ಹೊಳೆಪಾಲಾದವು. ಅಮ್ಮನಿಗೆ ಫೋನು ಮಾಡಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಅಮ್ಮ ಫೋನನ್ನು ಚೀಲದ ತಳದಲ್ಲಿ, ಊಟದ ಡಬ್ಬಿಯ ಕೆಳಗೆ ಇಡುವವಳು. ಹುಡುಗಿ ಏಣಿಯ ಮೆಟ್ಟಿಲು ಎರಡೆರಡು ಹಾರಿ ಹತ್ತಿದಳು. ಮಂಡಿ ತರಚಿದ್ದು ಗೊತ್ತಾಗಲಿಲ್ಲ.

ಬಸ್ಸು ಸೇತುವೆಯ ಬಾಯಿಗೆ ಬಂದಿತ್ತು.

ಅವಳು ರಸ್ತೆಯ ಮಧ್ಯಕ್ಕೆ ಓಡಿದಳು. ಎರಡೂ ಕೈ ಎತ್ತಿ, ತನ್ನಲ್ಲಿದ್ದ ಬಲವನ್ನೆಲ್ಲ ಹಾಕಿ ಬೀಸಿದಳು. "ನಿಲ್ಸಿ! ಬರಬೇಡಿ! ಹಿಂದಕ್ಕೆ ಹೋಗಿ!" ಗಂಟಲು ಹರಿಯುವಂತೆ ಕೂಗಿದಳು. ಗಾಳಿ ಬಸ್ಸಿನ ಕಡೆಯಿಂದ ಅವಳ ಕಡೆಗೆ ಬೀಸುತ್ತಿತ್ತು.

ಡ್ರೈವರ್ ಅವಳನ್ನು ನೋಡಿದ. ಇವತ್ತು ಇಂಜಿನಿಯರಮ್ಮನ ಕೊನೇ ದಿನ ಅಂತ ಅಮ್ಮ ಎಲ್ಲರಿಗೂ ಹೇಳಿದ್ದಳು. ಅವನು ಎರಡರ ಬದಲು ನಾಲ್ಕು ಸಲ ಹಾರ್ನ್ ಹೊಡೆದ. ಎಲ್ಲ ಕಿಟಕಿಗಳಿಂದ ಕೈಗಳು ಹೊರಬಂದವು. ಮುಂದಿನ ಕಿಟಕಿಯಲ್ಲಿ ಅಮ್ಮ ಅರ್ಧ ಮೈ ಹೊರಗೆ ಚಾಚಿ, ಮಗಳು ಬೀಸುತ್ತಿದ್ದ ಹಾಗೆಯೇ ತಾನೂ ಎರಡೂ ಕೈ ಎತ್ತಿ ಬೀಸುತ್ತ, ನಗುತ್ತ, ಮೊದಲನೇ ಕಂಬ ದಾಟಿ ಬರುತ್ತಿದ್ದಳು.