ಕೂರುವ ದಿನ

ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿದ್ದ ಸ್ಟೂಲುಗಳನ್ನೆಲ್ಲ, ಕೂತರೆ ಕೆಲಸ ಸಾಗದೆಂದು, ಒಂದು ಬೆಳಿಗ್ಗೆ ಒಡೆದು ಬಾಯ್ಲರಿನ ಒಲೆಗೆ ಹಾಕಿದರು. ಅಂದು ಎದ್ದ ಹಬೆಯಲ್ಲೇ ಹೆಂಗಸರು ನಿಂತುಕೊಂಡು ಆಸ್ಪತ್ರೆಯ ಹಾಸಿಗೆಬಟ್ಟೆಗಳಿಗೆ ಇಸ್ತ್ರಿ ಹಾಕಿದರು.

ಅದಾಗಿ ಬಹಳ ವರ್ಷಗಳಾದವು. ಆ ಕೋಣೆಯ ಮೂಲೆಮೇಜಿನ ಹೆಂಗಸು ಮೊನ್ನೆ ನಿಂತಲ್ಲೇ ಕುಸಿದು ಬಿದ್ದು, ನಿನ್ನೆ ರಾತ್ರಿ ತೀರಿಕೊಂಡಳು. ಈಗ ಅವಳ ದೇಹ ಮನೆಯ ಮುಂದಿನ ಕೋಣೆಯಲ್ಲಿತ್ತು, ಗೆಳತಿ ಗುಂಡಿಯಕ್ಕ ಅವಳ ಕಾಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಮೊಣಕಾಲಿನ ಕೆಳಗೆ ನೀಲಿ ನರಗಳು ಗಂಟುಬಿದ್ದ ಹಗ್ಗದಂತೆ ಉಬ್ಬಿಕೊಂಡಿದ್ದವು. ಗಂಟು ಬಂದಲ್ಲೆಲ್ಲ ಗುಂಡಿಯಕ್ಕನ ಕೈ ಮೆಲ್ಲಗಾಗುತ್ತಿತ್ತು, ಸತ್ತವಳಿಗೆ ಇನ್ನೂ ನೋಯುತ್ತದೆಯೇನೋ ಎಂಬಂತೆ.

ಲಾಂಡ್ರಿಯಲ್ಲಿ ಕಿತ್ತುಹೋದ ಗುಂಡಿಗಳನ್ನು ಹೊಲಿಯುವುದು ಅವಳ ಕೆಲಸ, ಅದಕ್ಕೇ ಗುಂಡಿಯಕ್ಕ. ಸೂಜಿಗೆ ದಾರ ಪೋಣಿಸುವುದನ್ನು ಲೋಕದಲ್ಲೆಲ್ಲ ಕೂತೇ ಮಾಡುತ್ತಾರೆ. ಅವಳು ಅದನ್ನೂ ನಿಂತು ಕಲಿತವಳು.

ಬೋಗುಣಿ ಹಿಡಿದು ಕೂತಿದ್ದ ಸೊಸೆ ಮೂಗು ಒರೆಸಿಕೊಂಡಳು. "ಅತ್ತೆ ಒಂದು ದಿನಾನೂ ಕೂತವರಲ್ಲ ಚಿಕ್ಕಮ್ಮ. ರಜೆ ದಿನಾನೂ ಓವರ್‌ಟೈಮು ಅಂತ ಓಡೋರು. ಬೇಡ ಅಂದ್ರೆ ಕೇಳ್ತಿದ್ರಾ?"

ಗುಂಡಿಯಕ್ಕನ ಕೈ ನಿಂತಿತು. "ಓವರ್‌ಟೈಮಾ?"

"ಹೂಂ. ನಿಮ್ಮ ಜೊತೇನೇ ಅಲ್ವಾ?"

"ಹೌದ್ಹೌದು. ನನ್ನ ಜೊತೇನೇ." ಅವಳು ತಲೆ ತಗ್ಗಿಸಿ ಬಟ್ಟೆಯನ್ನು ಬೋಗುಣಿಯಲ್ಲಿ ಅದ್ದಿ ಹಿಂಡಿದಳು. ಸಾವಿನ ಮನೆಯಲ್ಲಿ ನಗು ಬಂದರೆ ಅದನ್ನು ಎಲ್ಲಿ ಬಚ್ಚಿಡುವುದು? 'ಕಳ್ಳಿ,' ಎಂದು ಮನಸ್ಸಿನಲ್ಲೇ ಬೈದಳು. 'ಮನೆಯವರಿಗೂ ಹೇಳಿಲ್ಲವೇನೇ?'

ಅಂಗಳದಲ್ಲಿ ಬಾಡಿಗೆ ಕುರ್ಚಿಗಳನ್ನು ಇಳಿಸುವ ಸದ್ದು. ಲಾಂಡ್ರಿಯ ಮೇಸ್ತ್ರಿ ಸಾಲು ನೆಟ್ಟಗೆ ಮಾಡಿಸುತ್ತಿದ್ದ. ಮುಂದಿನ ಸಾಲಿನ ನಡುವೆ ಮೆತ್ತೆಯ ಕುರ್ಚಿಯೊಂದನ್ನು ತಾನೇ ತಂದಿಟ್ಟು ಒರೆಸಿದ. ಗುಂಡಿಯಕ್ಕ ನೀರು ಚೆಲ್ಲಲು ಹೊರಬಂದದ್ದೇ ತಡ, ಅವಳನ್ನು ಗೋಡೆಯ ಬದಿಗೆ ಕರೆದ.

"ಯಜಮಾನರು ಬರ್ತಾರೆ. ಪೇಪರಿನವರೂ ಇರ್ತಾರೆ. ನೀನು ಅವಳ ಹಳೇ ಗೆಳತಿ, ನಿನ್ನನ್ನೇ ಕೇಳ್ತಾರೆ. ಅವಳು ಯಾವತ್ತಾದ್ರೂ ಕೂರೋಕೆ ಸ್ಟೂಲು ಬೇಕು ಅಂದಿದ್ಲಾ ಅಂತ. ಇಲ್ಲ ಅಂದ್ಬಿಡು. ಒಂದೇ ಮಾತು, ನಾಲಿಗೆ ಸವೆಯಲ್ಲ."

"ಅಂದಿದ್ಲಲ್ಲ. ನಿನ್ನೆದುರಿಗೇ ಅಂದಿದ್ಲು."

"ಸತ್ತೋರು ಬಂದು ಹೇಳ್ತಾರಾ?"

"ಅದಕ್ಕೇ ಬದುಕಿರೋರ ಬಾಯಿಗೆ ಬೀಗ ತಂದಿದೀಯ."

ಮೇಸ್ತ್ರಿ ಅತ್ತಿತ್ತ ನೋಡಿದ. "ನೋಡು, ನಾಳೆ ಕಾರ್ಮಿಕ ಇಲಾಖೆಯೋರು ಬರ್ತಾರೆ. ನಿಂತೂ ನಿಂತೂ ಸತ್ಲು ಅಂತ ಯಾವನೋ ಅರ್ಜಿ ಹಾಕಿದಾನೆ. ಇವತ್ತು ಪೇಪರಿನವರ ಮುಂದೆ ಬಂದ ಮಾತು ನಾಳೆ ಅವರ ಮುಂದೂ ನಿಲ್ಲುತ್ತೆ. ಅವಳ ಮಗನಿಗೆ ವ್ಯಾನು ಓಡಿಸೋ ಕೆಲಸ ಕೊಡ್ತೀನಿ ಅಂತ ಯಜಮಾನರು ಬಾಯಿಬಿಟ್ಟು ಹೇಳಿದಾರೆ. ಅವನ ಅನ್ನಕ್ಕೆ ನೀನೇ ಮಣ್ಣು ಹಾಕ್ತೀಯಾ?"

ಅವಳು ಬೋಗುಣಿಯ ನೀರನ್ನು ಚೆಲ್ಲಿದಳು. ಅವನ ಕಾಲಿಗೆ ಸಿಡಿಯಿತು. ಬೇಕೆಂದೇ ಚೆಲ್ಲಿದಳೋ ಇಲ್ಲವೋ, ಅವಳಿಗೇ ಗೊತ್ತಿರಲಿಲ್ಲ.

*

ಸ್ಟೂಲು ಸುಟ್ಟ ವಾರದಲ್ಲೇ, ಈಗ ತೀರಿಕೊಂಡ ಆ ಗೆಳತಿ ಯಜಮಾನನ ಕೋಣೆಗೆ ಹೋಗಿದ್ದಳು. ಹೆಂಗಸರೆಲ್ಲ ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತರು. ಒಳಗೆ ಫ್ಯಾನು ತಿರುಗುತ್ತಿತ್ತು, ಯಜಮಾನ ಮೆತ್ತೆಯ ತಿರುಗುಕುರ್ಚಿಯಲ್ಲಿ ಅರ್ಧ ಮಲಗಿದ್ದ.

"ಕಾಲು ಬಾತುಕೊಳ್ತಿದೆ ಯಜಮಾನ್ರೇ. ಊಟದ ಹೊತ್ತಿಗಾದ್ರೂ ಕೂರೋಕೆ ಏನಾದ್ರೂ ಕೊಡ್ಸಿ."

"ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದು. ಗಾದೆ ಕೇಳಿಲ್ವೇನಮ್ಮ?"

"ನಿಂತು ದುಡಿದೋರಿಗೂ ಸಾಲಲಿಲ್ವಲ್ಲ."

ಯಜಮಾನನಿಗೆ ಕೋಪ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಅವನು ನಕ್ಕ. ಪಕ್ಕದಲ್ಲಿದ್ದ ಮೇಸ್ತ್ರಿಯನ್ನೂ ನಗಿಸಿದ. "ಮಹಾರಾಣಿಯವರಿಗೆ ಸಿಂಹಾಸನ ಬೇಕಂತಪ್ಪ!"

ಮಾರನೆಯ ದಿನವೇ ಅವಳನ್ನು ಬಾಯ್ಲರಿನ ಗೋಡೆಗೆ ಅಂಟಿದ ಮೂಲೆಮೇಜಿಗೆ ಹಾಕಿದರು. ಬೇಸಿಗೆಯಲ್ಲಿ ಅಲ್ಲಿನ ಗೋಡೆಗೆ ಬೆನ್ನು ತಾಗಿದರೆ ಬೊಬ್ಬೆ ಏಳುತ್ತಿತ್ತು. ಹೆಂಗಸರು ಅಯ್ಯೋ ಪಾಪ ಎಂದು ಸುತ್ತ ನೆರೆದಾಗ ಅವಳು ಇಸ್ತ್ರಿಪೆಟ್ಟಿಗೆಯನ್ನು ಠಪ್ಪೆಂದು ಇಟ್ಟು, "ಅಳೋದೇನ್ರೇ? ಬಿರುದು ಕೊಟ್ಟಿದಾರೆ. ಸಿಂಹಾಸನ ಮಾತ್ರ ನಾವೇ ಹುಡುಕ್ಕೋಬೇಕಂತೆ," ಎಂದಳು.

ಅಂದಿನಿಂದ ಅವಳು ಎಲ್ಲರ ಬಾಯಲ್ಲಿ ಮಹಾರಾಣಿಯಾದಳು, ಅಲ್ಲಿಂದ ಶುರುವಾಯಿತು ಆ ಹುಚ್ಚು. ವಾರದ ರಜೆಗೆ ಅವಳೂ ಗುಂಡಿಯಕ್ಕನೂ 'ಕೂರುವ ದಿನ' ಎಂದು ಹೆಸರಿಟ್ಟರು. ಕೆಲವರು ಸಿನಿಮಾ ನೋಡಲು ಹೋಗುತ್ತಾರೆ, ಕೆಲವರು ಕೆರೆ ನೋಡಲು ಹೋಗುತ್ತಾರೆ. ಇವರು ಹೋಗುತ್ತಿದ್ದುದು ಕೂರಲು. ರೈಲು ನಿಲ್ದಾಣದ ಮೊದಲ ದರ್ಜೆಯ ನಿರೀಕ್ಷಣಾ ಕೊಠಡಿಯಲ್ಲಿ, ಯಾರಾದರೂ ಟಿಕೆಟ್ಟು ಕೇಳುವ ತನಕ. ನ್ಯಾಯಾಲಯದ ಹೊರಗಿನ ಬೆಂಚಿನಲ್ಲಿ. ಉದ್ಯಾನದಲ್ಲಿ, ಮಕ್ಕಳಿಗಷ್ಟೇ ಎಂದು ಬರೆದಿದ್ದ ಉಯ್ಯಾಲೆಯಲ್ಲಿ. ಕೆರೆಯ ದೋಣಿಯಲ್ಲಿ ದೋಣಿಯವನು "ಎಲ್ಲಿಗಮ್ಮ?" ಎಂದರೆ ಮಹಾರಾಣಿ, "ಎಲ್ಲಿಗೂ ಇಲ್ಲಪ್ಪ, ಕೂರೋಕೆ," ಎನ್ನುವಳು. ಚಪ್ಪಲಿ ಕಳಚಿ ಕಾಲು ನೀಡಿ, ಕಣ್ಣು ಮುಚ್ಚಿ, ಆ ಆಸನದ ಗುಣದೋಷ ಹೇಳುವಳು. "ಇದು ಪರವಾಗಿಲ್ಲ ಕಣೇ, ಸೊಂಟ ಹಿಡಿಯುತ್ತೆ." "ಇದು ಮಾವನ ಮನೆ ಕುರ್ಚಿ, ಕೂತರೂ ಕೂತ ಹಾಗಿಲ್ಲ." ಒಂದೇ ಒಂದು ನಿಯಮವಿತ್ತು. ಲಾಂಡ್ರಿಯ ಮಾತೆತ್ತಿದವಳು ಕಾಫಿ ಕೊಡಿಸಬೇಕು. ಕೊಡಿಸಿದ್ದು ಬಹುಪಾಲು ಗುಂಡಿಯಕ್ಕನೇ.

ದಂತವೈದ್ಯರ ಕುರ್ಚಿ ಹಿಂದಕ್ಕೆ ಬಾಗುತ್ತದೆ, ಕಾಲಿನ ಕಡೆ ತಾನಾಗಿಯೇ ಮೇಲೇಳುತ್ತದೆ ಎಂದು ಯಾರೋ ಹೇಳಿದರು. ಮಹಾರಾಣಿಗೆ ಆ ವಾರವೆಲ್ಲ ನಿದ್ದೆಯಿಲ್ಲ. ರಜೆಯ ದಿನ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು, ಅಯ್ಯಮ್ಮಾ ಎನ್ನುತ್ತ ದಂತವೈದ್ಯರಲ್ಲಿಗೆ ನಡೆದೇಬಿಟ್ಟಳು. ಕುರ್ಚಿ ಬಾಗಿತು, ಕಾಲು ಮೇಲೆದ್ದಿತು, ಅವಳ ಮುಖ ದೀಪ ಹಚ್ಚಿದಂತಾಯಿತು. ಈ ಹಲ್ಲಾ, ಆ ಹಲ್ಲಾ ಎಂದು ವೈದ್ಯರು ಕೇಳಿದಾಗ ಆ ಸುಖದಲ್ಲಿ ಎಲ್ಲಕ್ಕೂ ಹೂಂಗುಟ್ಟಿದಳು. ಹಲ್ಲು ಕಿತ್ತೇಬಿಟ್ಟರು. ಗಟ್ಟಿಮುಟ್ಟಾದ ಹಲ್ಲು.

ಬಸ್ಸಿನಲ್ಲಿ ಬಾಯಿಗೆ ಹತ್ತಿ ಒತ್ತಿಕೊಂಡೇ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹೋದ್ರೆ ಹೋಯ್ತು ಬಿಡೇ. ಇನ್ನೂ ಎಷ್ಟೊಂದು ಹಲ್ಲಿವೆ. ಇನ್ನೊಂದ್ಸಲ ಹೋಗೋಣ್ವಾ?"

*

ಮಗ ಹಿತ್ತಲಿನ ಕಲ್ಲಿನ ಮೇಲೆ ಒಬ್ಬನೇ ಕೂತಿದ್ದ. ಗಡ್ಡದಲ್ಲಿ ಬಿಳಿ ಕೂದಲು ಇಣುಕುವ ವಯಸ್ಸು. ಯಾರದೋ ಟೆಂಪೋ ಓಡಿಸುತ್ತಿದ್ದವನು, ಟೆಂಪೋ ಮಾರಿಹೋದ ಮೇಲೆ ಮನೆಯಲ್ಲೇ ಇದ್ದ. ಗುಂಡಿಯಕ್ಕ ಪಕ್ಕದಲ್ಲಿ ಕೂತಳು.

"ನಮ್ಮಮ್ಮ ಒಂದು ದಿನ ಸುಖ ಅಂತ ಕಾಣಲಿಲ್ಲ ಚಿಕ್ಕಮ್ಮ," ಎಂದ. "ರಜೆ ದಿನಾನೂ ನಿಂತು ದುಡಿದು ದುಡಿದು ಹೋದ್ಲು. ನನ್ನಂಥ ದಂಡಪಿಂಡ ಮಗನಿಗೋಸ್ಕರ."

ಈ ಮಾತನ್ನು ಅವನು ಬೆಳಗಿನಿಂದ ಬಂದವರೆಲ್ಲರ ಮುಂದೆ ಹೇಳಿ ಅತ್ತಿದ್ದ. ಜೀವನವಿಡೀ ಹೇಳಿ ಅಳುತ್ತಾನೆ ಎಂದು ಗುಂಡಿಯಕ್ಕನಿಗೆ ಅನ್ನಿಸಿತು. ಸುಮ್ಮನಿರಲು ಆಗಲಿಲ್ಲ.

"ಓವರ್‌ಟೈಮು ಇರಲಿಲ್ಲ ಕಣೋ. ನಾವು ಕೂರೋಕೆ ಹೋಗ್ತಿದ್ವಿ."

ಅವನಿಗೆ ಅರ್ಥವಾಗಲಿಲ್ಲ. ಅವಳು ಎಲ್ಲ ಹೇಳಿದಳು. ದೋಣಿ, ಉಯ್ಯಾಲೆ, ಹಲ್ಲು. ಹಲ್ಲಿನ ಕತೆಗೆ ಅವನ ತುಟಿ ಒಮ್ಮೆ ಸಡಿಲವಾಗಿ ಮತ್ತೆ ಬಿಗಿಯಿತು.

"ಮಗಳ ಹುಟ್ಟಿದ ದಿನ ಮನೇಲಿರು ಅಂತ ಗೋಗರೆದಿದ್ದೆ. ಓವರ್‌ಟೈಮು ಅಂದ್ಲು. ಆವತ್ತು ದೋಣೀಲಿ ಕೂತಿದ್ಲಾ?"

"ಕೂತಿದ್ಲು."

"ಹೇಳಬಹುದಿತ್ತಲ್ಲ!"

"ಹೇಳಿದ್ರೆ ಬಿಡ್ತಿದ್ರಾ?" ಗುಂಡಿಯಕ್ಕನ ಧ್ವನಿ ಏರಿತು. "ಮನೇಲಿದ್ರೆ ಮಗು ಎತ್ಕೋ, ಪಾತ್ರೆ ತಿಕ್ಕು, ಹಿಟ್ಟು ನಾದು. ನಿನ್ನ ಮಗಳ ಹುಟ್ಟಿದ ದಿನ ಅಡುಗೆ ಯಾರು ಮಾಡಬೇಕಿತ್ತು? ದುಡಿಯೋಕೆ ಹೋಗ್ತೀನಿ ಅಂದ್ರೆ ಮನೆಯೋರೆಲ್ಲ ಬಾಗಿಲು ತೆರೀತೀರಿ. ಕೂರೋಕೆ ಹೋಗ್ತೀನಿ ಅಂದ ಹೆಂಗಸಿಗೆ ಯಾವ ಮನೇಲಿ ಬಾಗಿಲು ತೆರೆದಿದಾರೆ, ಹೇಳು ನೋಡೋಣ."

ಅವನು ಅಂಗೈ ನೋಡಿಕೊಂಡ.

"ಆ ಕೆಲಸ ನನಗೆ ಬೇಕು ಚಿಕ್ಕಮ್ಮ. ಮೇಸ್ತ್ರಿ ನಿಮಗೆ ಹೇಳಿರಬೇಕಲ್ಲ. ಒಂದೇ ಮಾತು. ಅಮ್ಮನಿಗೆ ಈಗ ಏನಾಗಬೇಕಿದೆ?"

ತನ್ನ ಕೆಲಸ ಹೋದರೆ ಹೋಗಲಿ, ಸೂಜಿದಾರ ಎಲ್ಲಾದರೂ ಸಿಗುತ್ತದೆ. ಇವನದು? ಇವನ ಹೆಂಡತಿಯದು, ಆ ಪುಟ್ಟ ಹುಡುಗಿಯದು? ಮಹಾರಾಣಿ ಇದ್ದಿದ್ದರೆ ಮಗನಿಗೋಸ್ಕರ ಒಂದು ಸುಳ್ಳು ಹೇಳೆ ಎನ್ನುತ್ತಿದ್ದಳೇನೋ. ಮನೆಯಲ್ಲಿ ಅಷ್ಟು ವರ್ಷ ಸುಳ್ಳು ಹೇಳಿದವಳು ತಾನೇ. ಆದರೆ ಅವಳ ಸುಳ್ಳು ಅವಳನ್ನು ಕೂರಿಸಿತ್ತು. ಇವರು ಕೇಳುತ್ತಿರುವ ಸುಳ್ಳು ಅವಳ ಹಿಂದೆ ಇನ್ನೂ ಕೋಣೆತುಂಬ ಹೆಂಗಸರನ್ನು ನಿಲ್ಲಿಸುತ್ತಿತ್ತು.

"ನೋಡೋಣ ಬಾ," ಎಂದು ಅವನ ಬೆನ್ನು ಸವರಿ ಎದ್ದಳು.

ಯಜಮಾನನ ಕಾರು ಬರುವ ಹೊತ್ತಿಗೆ ದೇಹವನ್ನು ಅಂಗಳಕ್ಕೆ ತಂದು ತಗ್ಗಾದ ಮಂಚದ ಮೇಲೆ ಮಲಗಿಸಿದ್ದರು. ಇಸ್ತ್ರಿ ಕೋಣೆಯ ಹೆಂಗಸರು ಕೊನೆಯ ಸಾಲುಗಳಲ್ಲಿ ಕೂತಿದ್ದರು. ಗುಂಡಿಯಕ್ಕನನ್ನು ಮೇಸ್ತ್ರಿ ಮುಂದಿನ ಸಾಲಿನಲ್ಲಿ, ಕ್ಯಾಮೆರಾಕ್ಕೆ ಕಾಣುವಂತೆ ಕೂರಿಸಿದ್ದ. ಯಜಮಾನ ದೊಡ್ಡ ಹೂವಿನ ಚಕ್ರವನ್ನು ಮುಖದ ಮೇಲೆ ಬಾಗುವಂತೆ ತಲೆದೆಸೆಯಲ್ಲಿ ಇಟ್ಟು, ಫೋಟೋ ಆಗುವವರೆಗೆ ಅದರ ಮೇಲೆ ಕೈಯಿಟ್ಟುಕೊಂಡೇ ಇದ್ದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಈಕೆ ನಮ್ಮ ಲಾಂಡ್ರಿಯ ಕಂಬ. ಕಂಬ ಎಂದಾದರೂ ಕೂರುತ್ತದೆಯೇ? ಒಂದು ದಿನ ದಣಿವು ಎನ್ನಲಿಲ್ಲ, ಒಂದು ದಿನ ಕುರ್ಚಿ ಕೇಳಲಿಲ್ಲ. ಕೆಲಸವೇ ಆಕೆಯ ಸುಖ. ಬೇರೆ ಸುಖ ಆಕೆಗೆ ಗೊತ್ತೇ ಇರಲಿಲ್ಲ. ಬೇಕಾದರೆ ಇಲ್ಲೇ ಇರುವ ಗೆಳತಿಯನ್ನು ಕೇಳಿ." ಗುಂಡಿಯಕ್ಕನ ಕಡೆ ಕೈ ತೋರಿಸಿದ. "ಜೀವನವಿಡೀ ನಿಂತವಳಿಗೆ ನಾವು ಒಂದು ನಿಮಿಷ ನಿಂತು ಗೌರವ ಕೊಡೋಣ. ಎಲ್ಲರೂ ದಯವಿಟ್ಟು ಏಳಬೇಕು."

ಕುರ್ಚಿಗಳು ಕರಕರನೆ ಸರಿದವು. ನೆಂಟರು ಎದ್ದರು, ನೆರೆಯವರು ಎದ್ದರು. ಇಸ್ತ್ರಿಯ ಹೆಂಗಸರು ಮೊಣಕಾಲಿಗೆ ಕೈಯೂರಿ, ಅಭ್ಯಾಸಬಲದಿಂದ ಎದ್ದರು. ಮಗ ತಲೆ ತಗ್ಗಿಸಿ ಮಂಚದ ಬದಿಗೆ ನಿಂತ.

ಗುಂಡಿಯಕ್ಕ ಏಳಲಿಲ್ಲ.

ಮೇಸ್ತ್ರಿ ಬಾಗಿ ಪಿಸುಗುಟ್ಟಿದ. "ಏಯ್, ಏಳು."

ಅವಳು ಕುರ್ಚಿಗೆ ಇನ್ನಷ್ಟು ಒರಗಿಕೊಂಡಳು.

ಕ್ಯಾಮೆರಾ ಹಿಡಿದಿದ್ದವನು ಅದರಿಂದ ಕಣ್ಣು ತೆಗೆದು ನೋಡಿದ. "ಕಾಲು ನೋವಾ ಅಮ್ಮ?"

"ಇಲ್ಲಪ್ಪ, ಕಾಲು ಚೆನ್ನಾಗಿದೆ. ಅವಳು ಸ್ಟೂಲು ಕೇಳಿದ್ಲು. ಈ ಯಜಮಾನ್ರ ಕೋಣೆಗೇ ಹೋಗಿ ಕೇಳಿದ್ಲು, ನಾವೆಲ್ಲ ಬಾಗಿಲಲ್ಲಿದ್ವಿ. ಕೊಡಲಿಲ್ಲ. ಅವಳು ಬಿಡಲಿಲ್ಲ, ಊರಲ್ಲಿರೋ ಒಳ್ಳೊಳ್ಳೆ ಜಾಗದಲ್ಲೆಲ್ಲ ಕೂತು ಬಂದ್ಲು. ಸುಖ ಗೊತ್ತಿರಲಿಲ್ಲವಂತೆ! ನಿಮಗಿಂತ ಚೆನ್ನಾಗಿ ಗೊತ್ತಿತ್ತು."

ಕೊನೆಯ ಸಾಲಿನಲ್ಲಿ ಯಾರೋ ಕೆಮ್ಮಿದರು. ಯಜಮಾನ ಮೇಸ್ತ್ರಿಯನ್ನು ನೋಡಿದ, ಮೇಸ್ತ್ರಿ ಮಗನನ್ನು ನೋಡಿದ.

"ನಿಮ್ಮ ಚಿಕ್ಕಮ್ಮನ್ನ ಎಬ್ಬಿಸಪ್ಪ. ದುಃಖಕ್ಕೆ ತಲೆ ಕೆಟ್ಟಿದೆ. ಎಬ್ಬಿಸಿ ಒಳಗೆ ಕರ್ಕೊಂಡ್ಹೋಗು." ಮೆತ್ತಗಿನ ಧ್ವನಿ, ಆದರೆ ಅದರೊಳಗೆ ವ್ಯಾನಿನ ಬೀಗದಕೈ ಗಲಗಲ ಎನ್ನುತ್ತಿತ್ತು.

ಮಗ ಬಂದ. ಅವಳ ಹಿಂದೆ ನಿಂತು ಕುರ್ಚಿಯ ಬೆನ್ನಿಗೆ ಎರಡೂ ಕೈ ಹಾಕಿದ. ಅವನ ಉಸಿರು ಅವಳ ನೆತ್ತಿಗೆ ತಾಗುತ್ತಿತ್ತು.

"ಚಿಕ್ಕಮ್ಮ..."

"ಏಳಲ್ಲ ಕಣೋ."

ಅವಳು ತಿರುಗಿ ನೋಡಲಿಲ್ಲ. ನಿಂತವರಿಗೆಲ್ಲ ಮೇಲಿನಿಂದ ಹೂವಿನ ಚಕ್ರ ಮಾತ್ರ ಕಾಣುತ್ತಿತ್ತು. ಕೂತವಳ ಕಣ್ಣಿನ ನೇರಕ್ಕೆ, ಹೂವುಗಳ ಅಡಿಯಲ್ಲಿ, ಗೆಳತಿಯ ಮುಖವಿತ್ತು. ಕುರ್ಚಿಯ ಬೆನ್ನು ಹಿಡಿದ ಮಗನ ಕೈಗಳು ಎಳೆಯಲೂ ಇಲ್ಲ, ಬಿಡಲೂ ಇಲ್ಲ.

"ಏಳಮ್ಮಾ!" ಎಂದು ಮೇಸ್ತ್ರಿ ಕೂಗಿದ.

"ಏಳಲ್ಲ," ಎಂದಳು.