ಮೇಲೆ ಎಂದರೆ ಯಾವ ಕಡೆ

ಆಡಳಿತ ಕಚೇರಿಯ ಮುಂದಿನ ಹುಲ್ಲುಹಾಸು ಕ್ಷೌರದ ಕುರ್ಚಿಯಿಂದ ಅರ್ಧಕ್ಕೇ ಎದ್ದು ಓಡಿಬಂದವನ ತಲೆಯ ಹಾಗಿತ್ತು. ಅಲ್ಲಲ್ಲಿ ತುದಿ ಹರಿದು ನಾರುನಾರಾಗಿ ಕಂದಿತ್ತು. ಹುಲ್ಲು ಕತ್ತರಿಸುವ ಟ್ರ್ಯಾಕ್ಟರು ಮೇಲೆ ಹಾಯುವಾಗ ಬಗ್ಗಿ ನಮಸ್ಕಾರ ಹಾಕಿದ ಹುಲ್ಲು, ಅದು ಆಚೆ ಹೋದದ್ದೇ ತಡ, ಮೆಲ್ಲಗೆ ತಲೆಯೆತ್ತಿ ನಿಲ್ಲುತ್ತಿತ್ತು. ಸಾಹೇಬರು ಹಾದುಹೋದ ಮೇಲೆ ಕಾರ್ಖಾನೆಯ ಜನ ಮಾಡುವುದೂ ಅದನ್ನೇ ಆದ್ದರಿಂದ ಟ್ರ್ಯಾಕ್ಟರು ಓಡಿಸುವ ಡ್ರೈವರಮ್ಮನಿಗೆ ಮೊದಮೊದಲು ಅದರ ಮೇಲೆ ಸಿಟ್ಟೇ ಬರಲಿಲ್ಲ.

ಸಿಟ್ಟು ಬಂದದ್ದು ಸೂಪರ್‌ವೈಸರನ ಪಕ್ಕ ಅವನ ಷಡ್ಡಕ ಹೊಸ ಕೈಗವಸು ತೊಟ್ಟು ನಿಂತದ್ದನ್ನು ಕಂಡಾಗ.

"ನಾಳೆ ನಿರ್ದೇಶಕರು ಬರ್ತಾರೆ. ಸಂಜೆಯೊಳಗೆ ಇದು ನೆಟ್ಟಗಾಗದಿದ್ರೆ ನಾಳೆಯಿಂದ ಇವ್ರು ಓಡಿಸ್ತಾರೆ, ನೀನು ಮೊದಲಿನ ಹಾಗೆ ಕಳೆ ಕೀಳೋಕೆ ಹೋಗು," ಎಂದ ಸೂಪರ್‌ವೈಸರ್. "ಹೆಂಗಸರ ಕೈಗೆ ಯಂತ್ರ ಕೊಟ್ರೆ ಹೀಗೇ ಆಗೋದು."

ಷಡ್ಡಕ ಆಗಲೇ ಸೀಟಿನ ಮೆತ್ತೆ ಒತ್ತಿ ನೋಡುತ್ತಿದ್ದ.

ಆ ಸೀಟು ಬಿಟ್ಟಿ ಬಂದದ್ದಲ್ಲ. ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತು ಕಿತ್ತು ಅವಳು ಮಂಡಿ ಸವೆಸಿದ್ದಳು. ಮೊದಲು ಓಡಿಸುತ್ತಿದ್ದ ಭಾವ, ಅಂದರೆ ಗಂಡನ ಅಣ್ಣ, ಸೊಂಟ ಹಿಡಿದುಕೊಂಡು ಶೆಡ್ಡಿನ ರಿಪೇರಿ ಕೆಲಸಕ್ಕೆ ಸರಿದಾಗ, "ನಾನು ಓಡಿಸ್ತೀನಿ" ಎಂದು ಕಚೇರಿಯ ಬಾಗಿಲಲ್ಲಿ ಪಟ್ಟು ಹಿಡಿದು ಕೂತು ಗಿಟ್ಟಿಸಿದ್ದಳು. ಗಂಡಸರು ಗೇಲಿಗೆ ಇಟ್ಟ ಡ್ರೈವರಮ್ಮ ಎಂಬ ಹೆಸರನ್ನು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದಳು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಅವಳಂಥವಳಿಗೆ ತಲೆಯೆತ್ತಿ ಕೂರಲು ಸಿಕ್ಕ ಜಾಗ ಅದೊಂದೇ.

ಟ್ರ್ಯಾಕ್ಟರನ್ನು ಶೆಡ್ಡಿಗೆ ತಂದಾಗ ಭಾವ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಎದ್ದು ಬಂದರು.

"ಜೋರಾಗಿ ಓಡಿಸಿರ್ತೀಯ. ಹುಲ್ಲಿಗೆ ಕತ್ತರಿಸ್ಕೊಳ್ಳೋಕೆ ಪುರಸೊತ್ತು ಕೊಡಬೇಕಮ್ಮ."

"ಇನ್ನೂ ನಿಧಾನ ಅಂದ್ರೆ ಇಳಿದು ತಳ್ಳಬೇಕು, ಭಾವ."

ಗಾಲಿಗಳ ಗಾಳಿ ನೋಡಿದರು. ಒಂದು ಕಡೆ ಕಡಿಮೆಯಾದರೆ ಕತ್ತರಿಸುವ ಡೆಕ್ಕು ವಾಲುತ್ತದೆ. ಗಾಳಿ ಸಮವಾಗಿತ್ತು. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ, "ನನ್ನ ಸೊಂಟದ ಪಟ್ಟಿಗಿಂತ ಬಿಗಿಯಾಗಿದೆ" ಎಂದು ಭಾವ ತೀರ್ಪು ಕೊಟ್ಟರು. ಟ್ರ್ಯಾಕ್ಟರಿನ ಹೊಟ್ಟೆಯಡಿ ಜೋತುಬಿದ್ದ ಡೆಕ್ಕಿನೊಳಗೆ ಮೆತ್ತಿದ್ದ ಹಸಿ ಹುಲ್ಲನ್ನು ಕೋಲಿನಿಂದ ಕೆರೆದರು. ಪ್ರತಿಸಲ ಹೋಗಿ ಒಂದು ಸುತ್ತು ಓಡಿಸಿದಳು. ಪ್ರತಿಸಲ ಹುಲ್ಲು ಬಗ್ಗಿತು, ಎದ್ದಿತು.

"ಬ್ಯಾಟರಿ ಇರಬಹುದು," ಎಂದ ಹಿಂದೆಯೇ ಬಂದಿದ್ದ ಷಡ್ಡಕ.

"ನಿಮ್ಮ ಬಾಯಿಗೆ ಯಾವ ಬ್ಯಾಟರಿ ಹಾಕಿದಾರೋ, ಇಳಿಯೋದೇ ಇಲ್ಲ," ಎಂದಳು. ಅವನು ಚಹಾ ಕುಡಿಯಲು ಹೋದ.

"ಬ್ಲೇಡು ನೋಡೋಣ್ವಾ, ಭಾವ?"

"ಬ್ಲೇಡಿನ ಸುದ್ದಿಗೆ ಬರಬೇಡ. ನಿನ್ನೆ ತಾನೆ ಸಾಣೆ ಹಿಡಿದಿದ್ದು. ಕೂದಲು ಸೀಳ್ತದೆ."

ಅವಳು ಎಂಜಿನ್ ಆರಿಸಿ, ಕೀಲಿ ಕಿತ್ತುಕೊಂಡು, ಮುಂದಿನ ಗಾಲಿಗಳನ್ನು ದಿಮ್ಮಿಯ ಮೇಲೆ ಭದ್ರಮಾಡಿ ಕೆಳಗೆ ಇಣುಕಿದಳು. ಬ್ಲೇಡಿನ ಎರಡೂ ತುದಿಯಲ್ಲಿ ರೆಕ್ಕೆಯಂತೆ ಮಡಿಚಿದ ಭಾಗವಿರುತ್ತದೆ. ಗಾಳಿಯೆಬ್ಬಿಸಿ ಹುಲ್ಲನ್ನು ನೆಟ್ಟಗೆ ನಿಲ್ಲಿಸುವುದು ಅದೇ. ಅದು ನೆಲ ನೋಡುತ್ತಿತ್ತು.

"ಭಾವ, ನಿನ್ನೆ ನಾನು ರೆಕ್ಕೆ ಯಾವ ಕಡೆ ಅಂತ ಹೇಳಿದ್ದೆ?"

"ಮೇಲೆ ಅಂದೆ. ಮೇಲೇ ಹಾಕಿದೀನಿ."

"ಮೇಲೆ ಅಂದ್ರೆ?"

"ಮೇಲೆ ಅಂದ್ರೆ ಮೇಲೆ. ಸೂರಿನ ಕಡೆ."

"ಡೆಕ್ಕು ಆಗ ಆಮೆ ಥರ ಅಂಗಾತ ಬಿದ್ದಿತ್ತಲ್ಲ, ಭಾವ."

ಭಾವ ಸೂರು ನೋಡಿದರು, ನೆಲ ನೋಡಿದರು, ಅಂಗೈಯನ್ನು ಮಗುಚಿ ನೋಡಿದರು. ಆಮೇಲೆ ತಲೆಯ ಮೇಲೆ ಕೈ ಹೊತ್ತು ಪಕ್ಕದ ಇನ್ನೊಂದು ದಿಮ್ಮಿಯ ಮೇಲೆ ಕೂತರು. ಡೆಕ್ಕನ್ನು ಮತ್ತೆ ಮಗುಚಿ ಟ್ರ್ಯಾಕ್ಟರಿಗೆ ಕೂರಿಸಿದಾಗ ಮೇಲಿದ್ದದ್ದು ಕೆಳಗಾಗಿತ್ತು. ಹರಿತವಾದ ಅಂಚು ಹಿಂದೆ ಉಳಿದು, ಮೊಂಡು ಬೆನ್ನು ಮುಂದೆ ನುಗ್ಗಿ ಹುಲ್ಲಿಗೆ ಗುದ್ದುತ್ತಿತ್ತು. ಮೊಂಡರನ್ನು ಮುಂದಿಟ್ಟು ಹರಿತದವರನ್ನು ಹಿಂದೆ ತಳ್ಳಿದರೆ ಏನಾಗುತ್ತದೆಂದು ತಿಳಿಯಲು ಕಾರ್ಖಾನೆಯ ಕಚೇರಿ ಸುತ್ತಿದರೆ ಸಾಕಿತ್ತು. ಇವರು ಸುಮ್ಮನೆ ಬೆವರು ಸುರಿಸಿದ್ದರು.

"ಸೂಪರ್‌ವೈಸರ್ ಕೇಳಿದ್ರೆ ಬೆಲ್ಟು ಸಡಿಲ ಆಗಿತ್ತು ಅಂದ್ಬಿಡು. ಬೆಲ್ಟಿಗೇನು, ಬಾಯಿಲ್ಲ," ಎಂದು ಭಾವ ಪಿಸುಗುಟ್ಟಿದರು.

ಬ್ಲೇಡನ್ನು ಬಿಚ್ಚಿ, ತಿರುಗಿಸಿ, ಬಿಗಿಮಾಡಿದರು. ಈಗ ಹುಲ್ಲು ಕೊಯ್ದಿಟ್ಟ ಹಾಗೆ ಬಿತ್ತು. ಅರ್ಧ ಮುಗಿಯುವಷ್ಟರಲ್ಲಿ ಸೂಪರ್‌ವೈಸರ್ ಷಡ್ಡಕನ ಜೊತೆ ಬಂದು ಹುಲ್ಲಿನ ನಡುವೆ ನಿಂತ. ಅವಳು ಇಳಿದಳು.

"ಏನಾಗಿತ್ತಮ್ಮ?"

ಬೆಲ್ಟು ಎಂಬ ಮಾತು ನಾಲಿಗೆ ತುದಿಗೆ ಬಂತು. ಸುಳ್ಳು ಹೇಳಿ ಉಳಿಸಿಕೊಂಡ ಸೀಟಿನಲ್ಲಿ ದಿನಾ ಅಳುಕುತ್ತ ಕೂರಬೇಕಲ್ಲ ಎನಿಸಿ ಅದನ್ನು ನುಂಗಿದಳು.

"ಬ್ಲೇಡು ತಲೆಕೆಳಗಾಗಿ ಹಾಕಿದ್ವಿ, ಸರ್. ಬಾಯಿ ಎಡವಿದ್ದು ನಂದು."

ಸೂಪರ್‌ವೈಸರನ ಮುಖ ಅರಳಿತು. "ನೋಡಿದ್ರಾ? ಅದಕ್ಕೇ ನಾನು ಹೇಳೋದು, ಹೆಂಗಸರ ಕೈಗೆ—"

"ಭಾವ ಇದೇ ಟ್ರ್ಯಾಕ್ಟರನ್ನ ಗೇಟಿಗೆ ಗುದ್ದಿದ್ರು. ಆಗ ಗಂಡಸರ ಕೈಗೆ ಯಂತ್ರ ಕೊಡಬಾರದು ಅಂದ್ರಾ? ಇಲ್ಲ. ಗೇಟು ಅಗಲ ಮಾಡಿಸಿದ್ರಿ. ಅವರ ತಪ್ಪಿಗೆ ಗೇಟು ಅಗಲ ಆಗ್ತದೆ, ನನ್ನ ತಪ್ಪಿಗೆ ಸೀಟು ಹೋಗ್ತದೆ. ಇದು ಯಾವ ನ್ಯಾಯ, ಸರ್?"

"ಗೇಟಿನ ಸುದ್ದಿ ಈಗ ಯಾಕಮ್ಮ," ಎಂದರು ಶೆಡ್ಡಿನಿಂದ ಬಂದು ನಿಂತಿದ್ದ ಭಾವ. ಅವಳ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡು, "ಎರಡು ಸಲ ಗುದ್ದಿದ್ದು, ಸರ್," ಎಂದರು.

ಸೂಪರ್‌ವೈಸರ್ ಗೇಟಿನತ್ತ ನೋಡಿದ. ಲಾರಿಗಳೆರಡು ಪಕ್ಕಪಕ್ಕ ನುಗ್ಗುವಷ್ಟು ಅಗಲವಾಗಿತ್ತು.

"ಸಂಜೆಯೊಳಗೆ ನೆಟ್ಟಗಾಗಬೇಕು ಅಂದಿದ್ರಿ," ಎನ್ನುತ್ತ ಅವಳು ಸೀಟು ಹತ್ತಿ ಕೂತು ಎಂಜಿನ್ ಎಬ್ಬಿಸಿದಳು. "ನೀವಿಬ್ರೂ ನಿಂತಿರೋ ಜಾಗ ಒಂದು ಬಾಕಿ ಇದೆ. ಸ್ವಲ್ಪ ಸರೀರಿ."

ಮೊದಲು ಸರಿದವನು ಸೂಪರ್‌ವೈಸರ್.